ಯಂತ್ರಕರ್ಮದ ಕನ್ನಡದಲ್ಲಿ ‘ಸೊನ್ನೆ’ಯೂ ‘ಇಂದ’ವೂ

ಕಾವ್ಯವನ್ನು ಪರೀಕ್ಷಿಸುವುದಕ್ಕೆ ನಮ್ಮಲ್ಲಿ ಅಳತೆಗೋಲುಗಳಿಗೆ ಕೊರತೆಯಿಲ್ಲ. ಗುಣದೋಷಗಳ ವಿಚಾರವು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೇ ನಡೆದಿರುವುದು ವಾಚಕರಿಗೆ ತಿಳಿದ ವಿಷಯ. ಆದರೆ ಒಂದು ಕೈಕೆಲಸವನ್ನು ಹೀಗೆ ಮಾಡಬೇಕೆಂದು ತಿಳಿಸುವ ಗದ್ಯವು ಒಳ್ಳೆಯದೋ ಕೆಟ್ಟದೋ ಎಂಬುದನ್ನು ಯಾವ ಗೋಲಿನಿಂದ ಅಳೆಯಬೇಕು? ಈ ಪ್ರಶ್ನೆಯನ್ನು ನಮ್ಮ ವಿಮರ್ಶಕರು ಅಷ್ಟಾಗಿ ಎತ್ತಿಕೊಂಡಿಲ್ಲ. ಅಂಥ ಗದ್ಯವು ಸಾಹಿತ್ಯವಲ್ಲವೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ನಮ್ಮ ಅಭಿಪ್ರಾಯದಲ್ಲಿ ಅದಕ್ಕೂ ಒಂದು ನಿಕಷವುಂಟು. ಅದು ಕಾವ್ಯದ ನಿಕಷಕ್ಕಿಂತ ಕಠಿನವಾದದ್ದು. ವಾಕ್ಯವನ್ನು ಓದಿದವನ ಕೈ ಎಲ್ಲಿಗೆ ಹೋಯಿತು ಎಂಬುದೇ ಆ ನಿಕಷ. ಹತ್ತು ಮಂದಿ ಓದಿದರೆ ಹತ್ತು ಕೈಗಳೂ ಒಂದೇ ಕಡೆಗೆ ಹೋಗಬೇಕು. ಒಂದು ಕೈ ಬೇರೆ ಕಡೆಗೆ ಹೋದರೂ ವಾಕ್ಯವು ಕೆಟ್ಟದ್ದೇ. ಅದರ ಪದಗಳು ಎಷ್ಟು ಶುದ್ಧವಾಗಿದ್ದರೂ ಸರಿಯೆ.

ಈ ನಿಕಷವನ್ನು ಪ್ರಯೋಗಿಸಿ ನೋಡುವುದಕ್ಕೆ ಒಂದು ಚಿಕ್ಕ ವಿಷಯವನ್ನು ಆರಿಸಿಕೊಂಡಿದ್ದೇವೆ. ಸಿ.ಎನ್.ಸಿ. ಎಂದು ಎಲ್ಲರೂ ಕರೆಯುವ, ಅಂಕಿಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರದಲ್ಲಿ, ಲೋಹವನ್ನು ಕಡಿಯುವುದಕ್ಕೆ ಮೊದಲು ‘ವರ್ಕ್ ಝೀರೋ’ವನ್ನು ನಿಶ್ಚಯಿಸುವುದೂ ಕಡಿಯಬೇಕಾದ ಲೋಹದ ತುಂಡನ್ನು ತಕ್ಕ ಸ್ಥಳದಲ್ಲಿ ನಿಲ್ಲಿಸುವುದೂ ಆ ವಿಷಯ. ಇದು ನಮ್ಮ ನಾಡಿಗೆ ದೂರದ ಮಾತಲ್ಲ. ೧೯೫೩ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪಿತವಾದಂದಿನಿಂದ ಯಂತ್ರಗಳನ್ನು ಮಾಡುವ ಯಂತ್ರಗಳೇ ಇಲ್ಲಿ ತಯಾರಾದವು. ತುಮಕೂರಿನಲ್ಲಿಯೂ ಅದೇ ಸಂಸ್ಥೆಯ ಕೈಗಡಿಯಾರದ ಕಾರ್ಖಾನೆಯಿದ್ದಿತು. ಈಗ ಅದು ಇಲ್ಲ. ಆದರೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ತರುಣರು ಪೀಣ್ಯಕ್ಕೂ ವಸಂತನರಸಾಪುರಕ್ಕೂ ಕೆಲಸಕ್ಕೆ ಹೋಗುವುದು ನಿಂತಿಲ್ಲ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಂಥ ಊರಿನಲ್ಲಿ ಕನ್ನಡದಲ್ಲಿ ಓದಿ ಬಂದ ಒಬ್ಬ ಹುಡುಗನನ್ನು ಮನಸ್ಸಿಗೆ ತಂದುಕೊಳ್ಳೋಣ. ಅವನು ಸೇರುವ ಕಾರ್ಖಾನೆಯಲ್ಲಿ ಎರಡು ಮೆಟ್ಟಿಲುಗಳಿವೆ. ತುಂಡನ್ನು ಕಟ್ಟಿ, ಗುಂಡಿಯನ್ನು ಒತ್ತಿ, ಮುಗಿದದ್ದನ್ನು ತೆಗೆಯುವವನು ಆಪರೇಟರು. ಸೊನ್ನೆಯನ್ನು ನಿಶ್ಚಯಿಸಿ, ಹತ್ಯಾರಗಳ ಉದ್ದವನ್ನು ಯಂತ್ರಕ್ಕೆ ತಿಳಿಸಿ, ಮೊದಲನೆಯ ತುಂಡನ್ನು ಸರಿಯಾಗಿ ಇಳಿಸುವವನು ಸೆಟ್ಟರು. ಸಂಬಳವೂ ಮರ್ಯಾದೆಯೂ ಎರಡನೆಯವನಿಗೆ ಹೆಚ್ಚು. ಮೊದಲನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರುವ ವಿದ್ಯೆಯು ಬಹುಮಟ್ಟಿಗೆ ಈ ಸೊನ್ನೆಯ ವಿದ್ಯೆಯೇ ಆಗಿದೆ. ಅದನ್ನು ತಿಳಿಸುವ ಕನ್ನಡವು ಮಸುಕಾಗಿದ್ದರೆ ನಷ್ಟವು ಭಾಷೆಗೆ ಮಾತ್ರವಲ್ಲ, ಆ ಹುಡುಗನಿಗೂ ಉಂಟು.

ಮೊದಲು ವಿಷಯವನ್ನು ಸಂಗ್ರಹವಾಗಿ ಹೇಳಬೇಕು. ಯಂತ್ರಕ್ಕೆ ತಯಾರಕರು ನಿಶ್ಚಯಿಸಿಕೊಟ್ಟ ಒಂದು ಸೊನ್ನೆಯಿದೆ. ಇದು ಯಂತ್ರದ ಸೊನ್ನೆ. ಎಡಬಲದ ಎಕ್ಸ್, ಹಿಂದುಮುಂದಿನ ವೈ, ಮೇಲುಕೆಳಗಿನ ಝಡ್ ಎಂಬ ಮೂರು ದಿಕ್ಕುಗಳನ್ನೂ ಯಂತ್ರವು ಅಲ್ಲಿಂದಲೇ ಎಣಿಸುತ್ತದೆ. ಆದರೆ ನಕ್ಷೆಯನ್ನು ಬರೆದವನು, ಆಜ್ಞೆಗಳ ಸರಣಿಯನ್ನು ರಚಿಸಿದವನು, ತನ್ನ ಅಳತೆಗಳನ್ನು ತುಂಡಿನ ಒಂದು ಮೂಲೆಯಿಂದಲೋ ನಡುವಿನಿಂದಲೋ ಎಣಿಸಿರುತ್ತಾನೆ. ಇದು ಕೆಲಸದ ಸೊನ್ನೆ. ಎರಡರ ನಡುವಣ ದೂರವನ್ನು ಅಳೆದು, ಜಿ ೫೪ ಮೊದಲುಗೊಂಡು ಜಿ ೫೯ರ ವರೆಗಿನ ಆರು ಮನೆಗಳಲ್ಲಿ ಒಂದರಲ್ಲಿ ತುಂಬಿಡಬೇಕು. ಹತ್ಯಾರದ ಉದ್ದವು ಇವೆರಡಕ್ಕೂ ಸೇರದ ಇನ್ನೊಂದು ಅಳತೆ. ಅದಕ್ಕೆ ಬೇರೆ ಪಟ್ಟಿಯಿದೆ. ಇಷ್ಟೇ ಶಾಸ್ತ್ರ. ಇಷ್ಟರಲ್ಲಿ ಒಂದು ಅಂಕಿ ತಪ್ಪಿದರೂ ಯಂತ್ರವು ತಪ್ಪು ಸ್ಥಳದಲ್ಲಿ, ಅತ್ಯಂತ ನಿಖರವಾಗಿ, ಕಡಿಯುತ್ತದೆ.

ಈಗ ಈ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಹೊರಟವರು ಸಾಮಾನ್ಯವಾಗಿ ಬರೆಯಬಹುದಾದ ಒಂದು ವಾಕ್ಯವನ್ನು ನೋಡೋಣ. ಇದು ಯಾವ ಗ್ರಂಥದಿಂದಲೂ ತೆಗೆದದ್ದಲ್ಲ. ಪರೀಕ್ಷೆಗಾಗಿ ನಾವೇ ರಚಿಸಿಕೊಂಡದ್ದು:

‘ಕಚ್ಚಾವಸ್ತುವನ್ನು ವೈಸಿನಲ್ಲಿ ಸರಿಯಾಗಿ ಇಟ್ಟು, ಎಡ್ಜ್ ಫೈಂಡರಿನಿಂದ ೫ ಮಿ.ಮೀ. ಬಲಕ್ಕೆ ಸರಿಸಿ, ಶೂನ್ಯವನ್ನು ಸ್ಥಾಪಿಸಬೇಕು.’

ಮೇಲುನೋಟಕ್ಕೆ ಈ ವಾಕ್ಯದಲ್ಲಿ ದೋಷವಿಲ್ಲ. ವ್ಯಾಕರಣವು ಸರಿಯಾಗಿದೆ, ಶೈಲಿಯು ಸರಳವಾಗಿದೆ, ಉಪಾಧ್ಯಾಯರು ಇದಕ್ಕೆ ಪೂರ್ಣಾಂಕವನ್ನೇ ಕೊಟ್ಟಾರು. ಆದರೂ ನಮ್ಮ ನಿಕಷದಲ್ಲಿ ಇದು ಆರು ಕಡೆ ಸೋಲುತ್ತದೆ. ಒಂದೊಂದನ್ನೇ ವಿಚಾರಿಸೋಣ.

ಮೊದಲನೆಯದು ‘ಕಚ್ಚಾವಸ್ತು’. ಹತ್ತಿಯೂ ಕಚ್ಚಾವಸ್ತು, ಅದುರೂ ಕಚ್ಚಾವಸ್ತು. ಗರಗಸದಿಂದ ಕೊಯ್ದು ತಂದ ನಿರ್ದಿಷ್ಟ ಅಳತೆಯ ಲೋಹದ ತುಂಡಿಗೆ ಈ ಹೆಸರು ಬಹಳ ಸಡಿಲವಾಯಿತು. ಕಾರ್ಖಾನೆಯಲ್ಲಿ ಇದಕ್ಕೆ ‘ಮಟೀರಿಯಲ್’ ಎನ್ನುತ್ತಾರೆ. ಕೆಲಸಕ್ಕೆ ಒಳಪಟ್ಟದ್ದನ್ನು ‘ಜಾಬ್’ ಎನ್ನುತ್ತಾರೆ. ಇವೆರಡೂ ಪರಭಾಷೆಯ ಶಬ್ದಗಳೆಂಬುದು ನಿಜ. ಆದರೆ ಕಡಿಯುವುದಕ್ಕೆ ಮುಂಚಿನದು ಮಟೀರಿಯಲ್, ನಕ್ಷೆಯಂತೆ ಉಳಿಯಬೇಕಾದುದು ಜಾಬ್ ಎಂದು ಇಟ್ಟುಕೊಂಡರೆ ಒಂದು ಬೆಲೆಯುಳ್ಳ ಭೇದವು ಅನಾಯಾಸವಾಗಿ ಕೈಗೆ ಬರುತ್ತದೆ. ೨೫ ಮಿ.ಮೀ. ಎತ್ತರದ ಮಟೀರಿಯಲ್ಲಿನಿಂದ ೨೪ ಮಿ.ಮೀ. ಎತ್ತರದ ಜಾಬನ್ನು ತೆಗೆಯಬೇಕಾಗಿದೆಯೆನ್ನೋಣ. ಆಜ್ಞೆಯನ್ನು ಬರೆದವನು ಮಟೀರಿಯಲ್ಲಿನ ಮೇಲ್ಮೈಯನ್ನು ಝಡ್ ಸೊನ್ನೆಯೆಂದು ಎಣಿಸಿ, ಅಲ್ಲಿಂದ ೧ ಮಿ.ಮೀ. ಕೆಳಗೆ ಮಟ್ಟ ಮಾಡೆಂದು ಹೇಳಿರುತ್ತಾನೆ. ಯಂತ್ರದ ಬಳಿ ನಿಂತವನು ಜಾಬಿನ ಮೇಲ್ಮೈಯೇ ಸೊನ್ನೆಯೆಂದು ತಿಳಿದು ೧ ಮಿ.ಮೀ. ಕೆಳಗೆ ಸೊನ್ನೆಯನ್ನಿಟ್ಟರೆ, ೧ ಮಿ.ಮೀ. ಹೋಗಬೇಕಾದಲ್ಲಿ ೨ ಮಿ.ಮೀ. ಹೋಗಿ, ಜಾಬು ೨೩ಕ್ಕೆ ಇಳಿಯುತ್ತದೆ. ಕಡಿದ ಲೋಹವನ್ನು ಮರಳಿ ಅಂಟಿಸಲಾಗದು. ಎರಡು ವಸ್ತುಗಳಿಗೆ ಒಂದೇ ಹೆಸರಿಟ್ಟ ಗದ್ಯವು ಈ ನಷ್ಟಕ್ಕೆ ಪಾಲುದಾರನೆಂದೇ ಹೇಳಬೇಕು.

ಎರಡನೆಯದು ‘ಸರಿಯಾಗಿ’. ಇದು ವಾಕ್ಯದಲ್ಲಿ ಏನನ್ನೂ ಹೇಳದೆ ಹೇಳಿದಂತೆ ನಟಿಸುವ ಪದ. ಯಾವುದಕ್ಕೆ ಸರಿ? ವೈಸಿಗೆ ಎರಡು ದವಡೆಗಳಿವೆ; ಒಂದು ಅಲುಗದು, ಇನ್ನೊಂದು ತಿರುಪಿನಿಂದ ಮುಂದೆ ಬರುವುದು. ತುಂಡು ಅಲುಗದ ದವಡೆಗೆ ಒತ್ತಿ ನಿಲ್ಲಬೇಕು. ಏಕೆಂದರೆ ಒಂದು ತುಂಡನ್ನು ತೆಗೆದು ಇನ್ನೊಂದನ್ನು ಕಟ್ಟಿದಾಗಲೂ ಸ್ಥಳವನ್ನು ಬದಲಿಸದೆ ಇರುವುದು ಆ ದವಡೆ ಮಾತ್ರ. ತುಂಡಿನ ತಳವು ಕೆಳಗಿಟ್ಟ ಪ್ಯಾರಲಲ್ ಪಟ್ಟಿಗಳ ಮೇಲೆ ಪೂರ್ತಿಯಾಗಿ ಕೂರಬೇಕು. ಗರಗಸವು ಬಿಟ್ಟ ಮುಳ್ಳು ಅಂಚೊಂದು ಕೆಳಗೆ ಉಳಿದರೂ ತುಂಡು ಓರೆಯಾಗುತ್ತದೆ. ಇವೆಲ್ಲವನ್ನೂ ‘ಸರಿಯಾಗಿ’ ಎಂಬ ನಾಲ್ಕಕ್ಷರದ ಹಿಂದೆ ಮುಚ್ಚಿಟ್ಟರೆ, ತಿಳಿದವನಿಗೆ ಅದು ಅನಾವಶ್ಯಕ, ತಿಳಿಯದವನಿಗೆ ನಿರರ್ಥಕ.

ಮೂರನೆಯದೇ ಪ್ರಕೃತ ಲೇಖನದ ಮುಖ್ಯ ವಿಚಾರ: ‘ಎಡ್ಜ್ ಫೈಂಡರಿನಿಂದ’ ಎಂಬಲ್ಲಿಯ ‘ಇಂದ’. ಇದು ಯಾವ ವಿಭಕ್ತಿ? ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ತೃತೀಯೆಗೆ ‘ಇಂ’, ಪಂಚಮಿಗೆ ‘ಅತ್ತಣಿಂ’ ಎಂದು ಬೇರೆ ಬೇರೆ ಪ್ರತ್ಯಯಗಳಿರುವುದನ್ನು ಪಂಡಿತರು ಬಲ್ಲರು. ಹೊಸಗನ್ನಡದಲ್ಲಿ ಎರಡೂ ‘ಇಂದ’ದಲ್ಲಿ ಕೂಡಿಹೋದವು. ಶಾಲೆಯ ವ್ಯಾಕರಣವು ಪಂಚಮಿಗೆ ‘ದೆಸೆಯಿಂದ’ ಎಂದು ಕಲಿಸುತ್ತದೆ; ಆದರೆ ಮಾತಿನಲ್ಲಿ ಅದನ್ನು ಆಡುವವರು ಅಪೂರ್ವ. ‘ಕೊಡಲಿಯಿಂದ ಕಡಿದನು’, ‘ಊರಿನಿಂದ ಬಂದನು’ ಎಂಬಲ್ಲಿ ಕ್ರಿಯಾಪದವೇ ಅರ್ಥವನ್ನು ನಿರ್ಣಯಿಸುವುದರಿಂದ ತೊಂದರೆಯಿಲ್ಲ. ಅಳತೆಯ ವಾಕ್ಯದಲ್ಲಿ ಹಾಗಲ್ಲ. ಅಳೆಯುವುದು ಒಂದು ಸಾಧನದಿಂದ. ಅಳೆಯುವುದು ಒಂದು ಸ್ಥಳದಿಂದ. ಕರಣವೂ ಅಪಾದಾನವೂ ಒಂದೇ ಕ್ರಿಯೆಗೆ ಸೇರುವ ಅಪರೂಪದ ಸಂದರ್ಭವಿದು. ಇಲ್ಲಿಯೇ ಎರಡಕ್ಕೂ ಒಂದೇ ಪ್ರತ್ಯಯವಿರುವುದು ನಮ್ಮ ದುರ್ದೈವ.

ಇದರ ಫಲವನ್ನು ಅಂಕಿಯಲ್ಲಿ ತೋರಿಸಬಹುದು. ಎಡ್ಜ್ ಫೈಂಡರೆಂಬುದು ಸ್ಪಿಂಡಲಿನಲ್ಲಿ ಹಿಡಿಸುವ ದುಂಡನೆಯ ಸಾಧನ. ಅದರ ವ್ಯಾಸವು ೧೦ ಮಿ.ಮೀ. ಎಂದಿಟ್ಟುಕೊಳ್ಳೋಣ. ತಿರುಗುತ್ತಿರುವಾಗ ಅದನ್ನು ತುಂಡಿನ ಎಡಮುಖಕ್ಕೆ ಮೆಲ್ಲಗೆ ತಾಗಿಸಿದರೆ, ಅದುವರೆಗೆ ತೂಗಾಡುತ್ತಿದ್ದ ಕೆಳತುಂಡು ಮೊದಲು ನೆಟ್ಟಗೆ ನಿಂತು, ಮರುಕ್ಷಣ ಪಕ್ಕಕ್ಕೆ ಜಾರುತ್ತದೆ. ಆ ಕ್ಷಣದಲ್ಲಿ ಸ್ಪಿಂಡಲಿನ ನಡುಗೆರೆಯು ಮುಖಕ್ಕಿಂತ ೫ ಮಿ.ಮೀ. ಎಡಕ್ಕಿರುತ್ತದೆ. ‘ಇಂದ’ವನ್ನು ಪಂಚಮಿಯೆಂದು ತಿಳಿದು, ಸಾಧನದ ನಡುಗೆರೆಯಿಂದ ೫ ಮಿ.ಮೀ. ಎಣಿಸಿದವನು ಸರಿಯಾಗಿ ಮುಖದ ಮೇಲೆ ಬರುತ್ತಾನೆ. ಅದನ್ನೇ ಪಂಚಮಿಯೆಂದು ತಿಳಿದರೂ, ಸಾಧನದ ಅಂಚಿನಿಂದ ಎಣಿಸಿದವನು ಮುಖವನ್ನು ದಾಟಿ ೫ ಮಿ.ಮೀ. ಒಳಗೆ ಬರುತ್ತಾನೆ. ತೃತೀಯೆಯೆಂದು ತಿಳಿದವನಿಗಂತೂ ಎಲ್ಲಿಂದ ಎಣಿಸಬೇಕೆಂಬುದನ್ನು ವಾಕ್ಯವು ಹೇಳಿಯೇ ಇಲ್ಲ. ಒಂದು ಪ್ರತ್ಯಯದ ಮಸುಕಿನಲ್ಲಿ ೫ ಮಿ.ಮೀ. ಅಡಗಿಕೊಂಡಿದೆ. ನೂರರಲ್ಲೊಂದು ಮಿ.ಮೀ.ಗೆ ಲೆಕ್ಕ ಕೇಳುವ ಕೆಲಸದಲ್ಲಿ ಇದು ಕಡಿಮೆಯ ತಪ್ಪಲ್ಲ.

ಅಪಾದಾನವೆಂದರೆ ಅಗಲಿಕೆಯಲ್ಲಿ ಅಲುಗದೆ ನಿಲ್ಲುವ ವಸ್ತುವೆಂದು ಪಾಣಿನೀಯರ ಸಂಪ್ರದಾಯವು ವಿವರಿಸುತ್ತದೆ. ಯಂತ್ರಶಾಲೆಯವರು ‘ಡೇಟಮ್’ ಎನ್ನುವುದು ಇದನ್ನೇ. ನಮ್ಮ ರೈತನಿಗೂ ಇದು ಗೊತ್ತು. ಶಿರಾ ಸೀಮೆಯ ಕಡಲೆಕಾಯಿ ಹೊಲವನ್ನು ಅಳೆಯಲು ಬಂದ ಸರ್ವೆಯವನು ಮೊದಲು ಬಾಂದುಕಲ್ಲನ್ನು ಹುಡುಕುತ್ತಾನೆ. ಹೊಲದ ವಿಸ್ತೀರ್ಣವನ್ನು ತಿಳಿಯಲು ಕಲ್ಲು ಬೇಡ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಹೇಳಿದಂಥ ಕ್ಷೇತ್ರಗಣಿತಕ್ಕೆ ಹೊಲದ ಭುಜಗಳು ಗೊತ್ತಾದರೆ ಸಾಕು. ಆದರೆ ಹೊಲವು ಎಲ್ಲಿದೆಯೆಂದು ತಿಳಿಯಲು ಕಲ್ಲು ಬೇಕೇ ಬೇಕು. ಕಲ್ಲನ್ನು ಯಾರಾದರೂ ರಾತ್ರಿ ಕಿತ್ತು ಹತ್ತು ಮೊಳ ಆಚೆಗೆ ನೆಟ್ಟರೆ, ಉದ್ದಗಲಗಳೆಲ್ಲ ಸರಿಯಾಗಿ ಬಂದೂ ಹೊಲವು ಪಕ್ಕದವನದಾಗುತ್ತದೆ. ಕೆಲಸದ ಸೊನ್ನೆ ತಪ್ಪಿದ ಜಾಬಿನ ಗತಿಯೂ ಇದೇ. ತೂತಿನಿಂದ ತೂತಿಗೆ ಅಳೆದರೆ ಎಲ್ಲವೂ ನಕ್ಷೆಯಂತಿರುತ್ತದೆ. ಅಂಚಿನಿಂದ ತೂತಿಗೆ ಅಳೆದಾಗ ಮಾತ್ರ ತಪ್ಪು ಹೊರಬೀಳುತ್ತದೆ. ‘ಈ ಕಲ್ಲು ಹಿಡಿದು ಅಳೆ’ ಎಂದಾಗ ಯಾರಿಗೂ ಸಂಶಯ ಬರುವುದಿಲ್ಲ. ಈ ‘ಹಿಡಿದು’ ಎಂಬುದು ಕಳೆದುಹೋದ ‘ಅತ್ತಣಿಂ’ನ ಕೆಲಸವನ್ನು ಮಾಡಬಲ್ಲ ಜೀವಂತ ಪದ, ‘ಎಡಮುಖ ಹಿಡಿದು ೫ ಮಿ.ಮೀ.’ ಎಂದರೆ ಕರಣದ ಶಂಕೆಯೇ ಉಳಿಯದು. ಶಾಸ್ತ್ರಗದ್ಯವನ್ನು ಬರೆಯುವವರು ಇದನ್ನು ಗ್ರಾಮ್ಯವೆಂದು ತಳ್ಳಬಾರದು.

ನಾಲ್ಕನೆಯದು ‘ಬಲಕ್ಕೆ ಸರಿಸಿ’. ಏನನ್ನು ಸರಿಸುವುದು? ಕರ್ತೃಕರ್ಮಗಳನ್ನು ಅಧ್ಯಾಹಾರಕ್ಕೆ ಬಿಡುವುದು ಕನ್ನಡಕ್ಕೆ ಸಹಜವಾದ ಸೊಗಸು. ಪದ್ಯದಲ್ಲಿ ಅದರಿಂದ ಬಿಗಿ ಬರುತ್ತದೆ. ಇಲ್ಲಿ ಅದೇ ಗುಣವು ದೋಷವಾಗುತ್ತದೆ. ಬಹುಮಟ್ಟಿನ ನೆಟ್ಟ ಮಿಲ್ಲಿಂಗ್ ಯಂತ್ರಗಳಲ್ಲಿ ಎಡಬಲಕ್ಕೆ ಚಲಿಸುವುದು ತುಂಡನ್ನು ಹೊತ್ತ ಮೇಜು, ಹತ್ಯಾರವಲ್ಲ. ಆದರೆ ಧನ ಋಣಗಳ ಚಿಹ್ನೆಯನ್ನು ಹತ್ಯಾರವೇ ಚಲಿಸುತ್ತದೆಂಬ ಭಾವನೆಯಿಂದ ಕೊಟ್ಟಿರುತ್ತಾರೆ. ಹತ್ಯಾರವು ತುಂಡಿನ ಮೇಲೆ ಬಲಕ್ಕೆ ಹೋಗಬೇಕಾದರೆ ಮೇಜು ಎಡಕ್ಕೆ ಹೋಗಬೇಕು. ಕಣ್ಣಿಗೆ ಕಾಣುವ ಮೇಜನ್ನೇ ಬಲಕ್ಕೆ ಸರಿಸಿದವನು ಮುಖಕ್ಕೆ ಬರುವುದರ ಬದಲು ಅದರಿಂದ ಇನ್ನೂ ದೂರ ಸರಿದು ೧೦ ಮಿ.ಮೀ. ಆಚೆ ನಿಲ್ಲುತ್ತಾನೆ. ಆದುದರಿಂದ ‘ಹತ್ಯಾರವು ತುಂಡಿನ ಮೇಲೆ ಬಲಕ್ಕೆ’ ಎಂದು ಪ್ರತಿಯೊಂದು ಸಲವೂ ಬರೆಯಬೇಕು. ಪುನರುಕ್ತಿಯು ಕಾವ್ಯದಲ್ಲಿ ದೋಷ, ಇಲ್ಲಿ ಗುಣ.

ಐದನೆಯದು ‘ಶೂನ್ಯ’. ಯಾವ ಶೂನ್ಯ? ಯಂತ್ರದ್ದೋ ಕೆಲಸದ್ದೋ ಎಂಬ ವಿಶೇಷಣವಿಲ್ಲದೆ ಈ ಪದವು ನಿಲ್ಲಲಾರದು. ಇದನ್ನು ಸಂಸ್ಕೃತ ಸಮಾಸದಿಂದ ತಿದ್ದಹೊರಟರೆ ಇನ್ನೊಂದು ವಿಪತ್ತು ಕಾದಿದೆ. ‘ವರ್ಕ್ ಝೀರೋ’ವನ್ನು ಪದಶಃ ‘ಕಾರ್ಯಶೂನ್ಯ’ವೆಂದರೆ, ಕನ್ನಡ ಬಲ್ಲವನಿಗೆ ಕೆಲಸವಿಲ್ಲದೆ ಕುಳಿತವನ ನೆನಪಾಗುತ್ತದೆ! ಮೇಲಾಗಿ ‘ಶೂನ್ಯಸಂಪಾದನೆ’ಯನ್ನು ಓದಿದ ನಾಡಿನಲ್ಲಿ ಶೂನ್ಯವೆಂಬುದು ಅಳತೆಗೆ ನಿಲುಕದ ನೆಲೆಯ ಹೆಸರು, ಎಲ್ಲ ಅಳತೆಗೂ ಮೊದಲಾಗಬೇಕಾದ ಬಿಂದುವಿಗೆ ಅದನ್ನು ಇಡುವುದು ಔಚಿತ್ಯವಲ್ಲ. ‘ಸೊನ್ನೆ’ಯಾದರೋ ಅದರ ತದ್ಭವ, ಲೆಕ್ಕದ ಹಲಗೆಯ ಮೇಲೆ ಮಕ್ಕಳು ಬರೆದ ಗುರುತು, ಅನುಸ್ವಾರಕ್ಕೂ ನಮ್ಮವರು ಇಟ್ಟ ಹೆಸರು. ‘ಕೆಲಸದ ಸೊನ್ನೆ’, ‘ಯಂತ್ರದ ಸೊನ್ನೆ’ ಎಂದರೆ ಸಾಕು. ‘ಝೀರೋ’ ಎಂದರೂ ಆಕ್ಷೇಪಣೆಯಿಲ್ಲ. ಯಾವುದರ ಝೀರೋ ಎಂದು ಹೇಳಿದರಾಯಿತು.

ಆರನೆಯದು ‘ಸ್ಥಾಪಿಸು’. ಈ ಕ್ರಿಯೆಯಲ್ಲಿ ಎರಡು ಕೆಲಸಗಳಿವೆ: ಸ್ಥಳವನ್ನು ಮುಟ್ಟಿ ಕಂಡುಕೊಳ್ಳುವುದು, ಕಂಡ ಅಂಕಿಯನ್ನು ಯಂತ್ರದ ಮನೆಯಲ್ಲಿ ತುಂಬುವುದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತವನ ಯಂತ್ರವು ಹಿಂದಿನ ಜಾಬಿನ ಸೊನ್ನೆಯನ್ನೇ ಹಿಡಿದು ಹೊರಡುತ್ತದೆ. ಕಾರ್ಖಾನೆಯ ಮಾತಿನಲ್ಲಿ ಆಫ್‌ಸೆಟ್ ‘ತೆಗೆದುಕೊಳ್ಳುವುದು’ ಬೇರೆ, ಅಂಕಿಯನ್ನು ‘ಹಾಕುವುದು’ ಬೇರೆ. ಪ್ರತಿಷ್ಠೆಯ ಗಾಂಭೀರ್ಯವುಳ್ಳ ‘ಸ್ಥಾಪಿಸು’ ಎಂಬುದು ಈ ಎರಡನ್ನೂ ಒಂದೇ ಗುಡಿಯಲ್ಲಿ ಕೂರಿಸಿ ಬಾಗಿಲು ಹಾಕಿಬಿಡುತ್ತದೆ. ಕೆಲಸಗಾರರ ಎರಡು ಸಾಮಾನ್ಯ ಕ್ರಿಯಾಪದಗಳು ಪಂಡಿತನ ಒಂದು ಕ್ರಿಯಾಪದಕ್ಕಿಂತ ಇಲ್ಲಿ ಶಾಸ್ತ್ರೀಯವಾಗಿವೆ.

ಹಾಗಾದರೆ ವಾಕ್ಯವು ಹೇಗಿರಬೇಕು? ನಮ್ಮ ತಿದ್ದುಪಡಿ ಹೀಗೆ: ‘ಮಟೀರಿಯಲ್ಲನ್ನು ವೈಸಿನ ಅಲುಗದ ದವಡೆಗೆ ಒತ್ತಿ, ಅದರ ತಳವು ಪ್ಯಾರಲಲ್ ಪಟ್ಟಿಗಳ ಮೇಲಿಂದ ಎಲ್ಲಿಯೂ ಏಳದಂತೆ ಬಿಗಿಯಿರಿ. ಮಟೀರಿಯಲ್ಲಿನ ಎಡಮುಖಕ್ಕೆ ಎಡ್ಜ್ ಫೈಂಡರನ್ನು ಎಡಗಡೆಯಲ್ಲಿ ಮುಟ್ಟಿಸಿರಿ. ಅದರ ಕೆಳತುಂಡು ಪಕ್ಕಕ್ಕೆ ಜಾರಿದೊಡನೆ ನಿಲ್ಲಿಸಿರಿ. ಈಗ ಸ್ಪಿಂಡಲಿನ ನಡುಗೆರೆಯು ಎಡಮುಖ ಹಿಡಿದು ೫ ಮಿ.ಮೀ. ಎಡಕ್ಕಿದೆ. ಎಡಮುಖವೇ ಕೆಲಸದ ಸೊನ್ನೆಯಾಗಬೇಕಾದುದರಿಂದ, ಹತ್ಯಾರವು ಈಗ ನಿಂತಿರುವ ಸ್ಥಳವು ಎಕ್ಸ್ ಋಣ ೫ ಎಂದು ಜಿ ೫೪ರಲ್ಲಿ ಹಾಕಿರಿ.’ ಒಂದು ವಾಕ್ಯವು ಐದಾಯಿತು. ಆದರೆ ನಾಲ್ಕನೆಯ ವಾಕ್ಯವನ್ನು ಗಮನಿಸಬೇಕು: ಅದು ಆಜ್ಞೆಯಲ್ಲ, ಕಾರಣ. ಅದನ್ನು ತಿಳಿದವನು ೬ ಮಿ.ಮೀ. ವ್ಯಾಸದ ಸಾಧನವು ಕೈಗೆ ಬಂದಾಗ ಯಾರನ್ನೂ ಕೇಳದೆ ೩ ಎಂದು ಹಾಕುತ್ತಾನೆ. ಆಜ್ಞೆಯನ್ನು ಮಾತ್ರ ಬಾಯಿಪಾಠ ಮಾಡಿದವನು ಅಂದೂ ೫ ಎಂದೇ ಹಾಕುತ್ತಾನೆ. ಆಪರೇಟರಿಗೂ ಸೆಟ್ಟರಿಗೂ ನಡುವಣ ಮೆಟ್ಟಿಲು ಈ ಒಂದು ವಾಕ್ಯವೇ.

ಸೊನ್ನೆಯನ್ನು ಮೂಲೆಯಲ್ಲಿಡಬೇಕೋ ನಡುವಿನಲ್ಲಿಡಬೇಕೋ ಎಂಬುದಕ್ಕೂ ಕಾರಣವನ್ನು ಹೇಳಲೇಬೇಕು. ಗರಗಸದಲ್ಲಿ ಕೊಯ್ದ ತುಂಡುಗಳು ಒಂದರಂತೊಂದು ಇರುವುದಿಲ್ಲ. ಮೂಲೆಯನ್ನು ಹಿಡಿದರೆ ಹೆಚ್ಚಿನ ಲೋಹವೆಲ್ಲ ಎದುರು ಬದಿಗೆ ಹೋಗುತ್ತದೆ. ನಡುವನ್ನು ಹಿಡಿದರೆ ಎರಡು ಬದಿಗೂ ಸಮನಾಗಿ ಹಂಚಿಕೆಯಾಗುತ್ತದೆ. ನಮ್ಮ ಶಿಲ್ಪಿಗಳು ಮೂರ್ತಿಯ ನಡುವೆ ಬ್ರಹ್ಮಸೂತ್ರವನ್ನೆಳೆದು ಎರಡು ಪಕ್ಕಕ್ಕೂ ಅಳೆದದ್ದು ಸಮಾಂಗವಾದ ರೂಪಕ್ಕೆ ಅದೇ ತಕ್ಕದ್ದಾದುದರಿಂದ. ಶ್ರವಣಬೆಳಗೊಳದ ಗೊಮ್ಮಟನನ್ನು ಹತ್ತನೆಯ ಶತಮಾನದ ಕೊನೆಯಲ್ಲಿ ಕಡೆದವರಿಗೆ ‘ಮಟೀರಿಯಲ್ಲನ್ನು’ ಅತ್ತಿತ್ತ ಸರಿಸುವ ಸ್ವಾತಂತ್ರ್ಯವೇ ಇರಲಿಲ್ಲ; ಬೆಟ್ಟವು ನಿಂತಲ್ಲಿ ನಿಂತಿದ್ದಿತು. ಅವರು ಸೊನ್ನೆಯನ್ನೇ ಬಂಡೆಯೊಳಗೆ ತಕ್ಕ ಸ್ಥಳದಲ್ಲಿ ಇಡಬೇಕಾಯಿತು. ಈಗಿನ ಸೆಟ್ಟರು ಮಾಡುವುದೂ ಇದನ್ನೇ: ಬೇಕಾದ ರೂಪವು ಇರುವ ತುಂಡಿನೊಳಗೆ ಪೂರ್ತಿಯಾಗಿ ಅಡಗುವಂತೆ ಸೊನ್ನೆಗೆ ಸ್ಥಳವನ್ನು ಕೊಡುವುದು.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಯಂತ್ರದ ಫಲಕದ ಮೇಲಿನ ಅಕ್ಷರಗಳೆಲ್ಲ ಇಂಗ್ಲಿಷಿನವು. ಹೀಗಿರಲು ಕನ್ನಡದ ಗೊಡವೆ ಏಕೆ, ಎಂಬುದು ಒಂದು. ಅಕ್ಷರಗಳನ್ನು ಕನ್ನಡಿಸಬೇಕೆಂದು ನಾವು ಹೇಳುತ್ತಿಲ್ಲ. ಜಿ ೫೪ ಎಂಬುದು ಯಾವ ಭಾಷೆಯದೂ ಅಲ್ಲದ ಗುರುತು. ಅದು ಹಾಗೆಯೇ ಇರಲಿ. ಆದರೆ ‘ಏಕೆಂದರೆ’, ‘ಆದುದರಿಂದ’, ‘ಇದನ್ನು ಹಿಡಿದು’ ಎಂಬ ಸಂಬಂಧಗಳು ಫಲಕದ ಮೇಲೆ ಬರೆದಿಲ್ಲ. ಅವು ಮನಸ್ಸಿನಲ್ಲಿ ನಡೆಯಬೇಕು. ಮನಸ್ಸು ನಡೆಯುವುದು ಕಲಿತ ನುಡಿಯಲ್ಲಿ.

ಇದು ಸಾಹಿತ್ಯಸಂಸ್ಥೆಗಳ ಕೆಲಸವೇ, ಎಂಬುದು ಇನ್ನೊಂದು. ಇದಕ್ಕೆ ತುಮಕೂರು ಸೀಮೆಯ ಊರನ್ನು ಹೆಸರಿನಲ್ಲಿಯೇ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಸಾಕಾದ ಸಮಾಧಾನ. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು, ೧೯೩೧ರಲ್ಲಿ ಪರಿಷತ್ತಿನಿಂದ ಪ್ರಕಟವಾದ ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಹಸ್ತಪ್ರತಿಯಲ್ಲಿ ಒಂದು ಪ್ರತ್ಯಯದ ಪಾಠಾಂತರಕ್ಕಾಗಿ ಪಂಡಿತರು ಎಷ್ಟು ಶ್ರಮಪಡುತ್ತಾರೆಂಬುದನ್ನು ನಾವೆಲ್ಲರೂ ಬಲ್ಲೆವು. ಆ ಶ್ರಮದ ಒಂದು ಪಾಲು ಯಂತ್ರಶಾಲೆಯ ಗದ್ಯಕ್ಕೂ ಸಲ್ಲಬೇಕು. ಅಲ್ಲಿ ಪ್ರತ್ಯಯವು ಕೆಟ್ಟರೆ ಕೆಡುವುದು ಪದ್ಯದ ಅರ್ಥವಲ್ಲ. ಲೋಹದ ತುಂಡೂ ಹತ್ಯಾರವೂ, ಒಮ್ಮೊಮ್ಮೆ ಹೊಸಬನೊಬ್ಬನ ಧೈರ್ಯವೂ ಕೆಡುತ್ತವೆ.

ಆದುದರಿಂದ ಪರಿಭಾಷೆಯನ್ನು ರಚಿಸುವವರಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ಹೊಸ ನಾಮಪದಗಳನ್ನು ಕಟ್ಟುವ ಮೊದಲು, ಇರುವ ವಿಭಕ್ತಿಗಳೂ ಕ್ರಿಯಾಪದಗಳೂ ಅಳತೆಯ ಭಾರವನ್ನು ಹೊರುತ್ತವೆಯೇ ಎಂದು ನೋಡಬೇಕು. ಕಾರ್ಖಾನೆಯವರು ಆಡುವ ಮಾತಿನಲ್ಲಿ ಯಾವ ಭೇದಗಳು ಆಗಲೇ ಇವೆಯೋ ಅವನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳಬೇಕು. ಬರೆದ ವಾಕ್ಯವನ್ನು ಅಚ್ಚಿಗೆ ಕಳುಹಿಸುವ ಮುನ್ನ, ಆ ಕೆಲಸವನ್ನು ಹಿಂದೆ ಮಾಡಿರದ ಒಬ್ಬನ ಕೈಗೆ ಕೊಟ್ಟು, ಯಂತ್ರವನ್ನು ನಿಲ್ಲಿಸಿಯೇ, ಅವನ ಕೈ ಎಲ್ಲಿಗೆ ಹೋಗುತ್ತದೆಂದು ಪರೀಕ್ಷಿಸಬೇಕು.